ಮುಜಂಟಿ ಅಂದ್ರೆ ಮರಿ ತುಡುವೆ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಮುಜಂಟಿ ಜೇನಿನ ಬಗ್ಗೆ ಬಂದ ಲೇಖನ ಓದಿದೆ, ಖುಷಿಯೇ ಆಯ್ತು, ಈ ಸಣ್ಣ ಹುಳಕ್ಕೆ ಪೇಪರಲ್ಲಿ ಜಾಗ ಸಿಗೋದೇ ಅಪರೂಪ. ಆದ್ರೆ ಅದನ್ನ ತುಡುವೆಯ (ನಾವು ಪೆಟ್ಟಿಗೆಯಲ್ಲಿ ಸಾಕೋ ಮಾಮೂಲಿ ಜೇನು) ಸಣ್ಣ ತಳಿ, ಮುಳ್ಳು ಇಲ್ಲ ಅಷ್ಟೇ ಅಂತ ಒಂದೇ ಸಾಲಲ್ಲಿ ಮುಗಿಸಿದ್ದು ಸರಿ ಇಲ್ಲ ಮಾರಾಯ್ರೆ. ನಾನೂ ಹಾಗೇ ಅಂದ್ಕೊಂಡು ಮೊದಲ ವರ್ಷ ಮುಜಂಟಿಯನ್ನ ತುಡುವೆ ಪೆಟ್ಟಿಗೆಗೆ ತುಂಬಿ, ಒಳಗೆ ಎರಿ ಕಟ್ಟೋ ಮರದ ಚೌಕಟ್ಟು (ಫ್ರೇಮ್) ಇಟ್ಟು, ಹೊಗೆ ಬೇರೆ ಹಾಕಿ, ಕಡೆಗೆ ಒಡೆದ ಜೇನಿಗೆ ಇರುವೆ ಮುತ್ತಿ ಎರಡು ಕುಟುಂಬ ಕಳ್ಕೊಂಡವನು.

ಮೊದಲನೇದಾಗಿ ಮುಳ್ಳು ಪೂರ್ತಿ ಇಲ್ಲ ಅಂತಲ್ಲ, ಉಂಟು, ಕುಗ್ಗಿ ಹೋಗಿ ಚುಚ್ಚೋಕೆ ಬಾರದ ಹಾಗಾಗಿದೆ. ಅದಕ್ಕೇ ಅದು ಕಚ್ಚೋದು, ಕೂದಲೊಳಗೆ ಕಿವಿಯೊಳಗೆ ನುಗ್ಗೋದು, ಗೂಡು ಬಿಚ್ಚಿದವರಿಗೆ ಗೊತ್ತು ಅದರ ಕಾಟ. ಲೆನ್ಸ್ ಇಟ್ಟು ನೋಡಿ, ತುಡುವೆ ರೆಕ್ಕೆಯಲ್ಲಿ ಬಲೆ ಹೆಣೆದ ಹಾಗೆ ನರ ಇರುತ್ತೆ, ಮುಜಂಟಿ ರೆಕ್ಕೆಯಲ್ಲಿ ನಾಲ್ಕಾರು ಗೆರೆ ಕಂಡ್ರೆ ಹೆಚ್ಚು. ತುಡುವೆಗೆ ಮೇಣ ಬರೋದು ಹೊಟ್ಟೆಯ ಅಡಿಯಿಂದ, ಇದಕ್ಕೆ ಹೊಟ್ಟೆಯ ಮೇಲ್ಭಾಗದಿಂದ, ಅಂದ್ರೆ ಬೆನ್ನಿನ ಕಡೆಯಿಂದ. ಆ ಮೇಣಕ್ಕೆ ಮರದ ಅಂಟು ಸೇರಿಸಿ ಗೂಡು ಕಟ್ಟುತ್ತೆ, ಜೇನನ್ನ ಎರಿಯಲ್ಲಿ ಅಲ್ಲ, ಸಣ್ಣ ಸಣ್ಣ ಕುಡಿಕೆಗಳಲ್ಲಿ ತುಂಬಿಡುತ್ತೆ, ಹಾಗಿರುವಾಗ ಫ್ರೇಮ್ ಕೊಟ್ಟು ಏನು ಮಾಡೋದು, ಜೇನು ತೆಗೆಯೋ ಮೆಷಿನ್ನಿಗೆ ಏನು ಹಾಕೋದು?

ಇನ್ನು ನೆಂಟಸ್ತಿಕೆ. ಹಿಂಗಾಲಲ್ಲಿ ಪರಾಗದ ಬುಟ್ಟಿ ಇರೋ ನಾಲ್ಕು ಗುಂಪುಗಳು ಒಂದೇ ವಂಶದವು, ಜೇನುನೊಣ (ತುಡುವೆ ಇದರಲ್ಲೇ ಬರೋದು), ಮುಜಂಟಿಯಂಥ ಮುಳ್ಳಿಲ್ಲದವು ಅನ್ನಿಸಿಕೊಂಡವು, ಮೈತುಂಬ ರೋಮದ ದಪ್ಪ ಬಂಬಲ್‌ಬೀ, ಆಮೇಲೆ ಮಧ್ಯ, ದಕ್ಷಿಣ ಅಮೆರಿಕದ ಕಾಡುಗಳ ಆರ್ಕಿಡ್ ಜೇನು. (ನಮ್ಮ ಮಾಡಿನ ಪಕಾಸಿಗೆ ತೂತು ಕೊರೆಯೋ ದುಂಬಿ ಬಂಬಲ್‌ಬೀ ಅಲ್ಲ, ಅದು ಬೇರೆ, ಬಂಬಲ್‌ಬೀ ನೋಡ್ಬೇಕಂದ್ರೆ ಹಿಮಾಲಯದ ಕಡೆ ಹೋಗ್ಬೇಕು.) ತುಡುವೆ ಮುಜಂಟಿ ಎರಡರದ್ದೂ ವರ್ಷವಿಡೀ ಇರೋ ದೊಡ್ಡ ಸಂಸಾರ, ಎರಡಕ್ಕೂ ಹಿಂಗಾಲಿನ ಮೊನೆಮುಳ್ಳು (ಚುಚ್ಚೋ ಮುಳ್ಳಲ್ಲ, ಕಾಲಲ್ಲೇ ಇರೋ ಸಣ್ಣ ಮೊನೆ) ಇಲ್ಲ, ಇದನ್ನೆಲ್ಲ ನೋಡಿ ತುಂಬಾ ಜನ ವಿಜ್ಞಾನಿಗಳೂ ಇವು ಅಕ್ಕತಂಗಿ ಅಂತಲೇ ನಂಬಿದ್ರು. ಡಿಎನ್ಎ ತೆಗೆದು ನೋಡಿದ್ರೆ ಮುಜಂಟಿ ಹತ್ತಿರ ನಿಲ್ಲೋದು ಬಂಬಲ್‌ಬೀ ಪಕ್ಕ. ಹಾಗಾದ್ರೆ ಈ ದೊಡ್ಡ ಸಂಸಾರದ ಏರ್ಪಾಟು ಎರಡು ಮನೆತನದಲ್ಲಿ ಬೇರೆ ಬೇರೆಯಾಗೇ ಬೆಳೆದಿರ್ಬಹುದು, ನನಗಂತೂ ಇದು ಆಶ್ಚರ್ಯವೇ.

ಗೂಡಿನ ಒಳಗಿನ ಪದ್ಧತಿ ನೋಡಿದ್ರೂ ಎರಡೂ ಬೇರೆ ಬೇರೆ ಅನ್ನೋದು ಗೊತ್ತಾಗುತ್ತೆ. ತುಡುವೆ ಮರಿಗೆ ದಿನಾ ಉಣಿಸ್ತಾ ಇರುತ್ತೆ, ಮುಜಂಟಿ ಕೋಣೆಗೆ ಒಂದೇ ಸಲ ಊಟ ತುಂಬಿ, ಅದರ ಮೇಲೆ ರಾಣಿ ಮೊಟ್ಟೆ ಇಟ್ಟ ಕೂಡ್ಲೇ ಮುಚ್ಚಿಬಿಡುತ್ತೆ. ಕುಟುಂಬ ಪಾಲಾಗುವಾಗ ತುಡುವೆಯಲ್ಲಿ ಹಳೇ ರಾಣಿ ಮನೆ ಬಿಟ್ಟು ಹೋಗುತ್ತೆ, ಮುಜಂಟಿಯಲ್ಲಿ ಹಳೇ ರಾಣಿ ಹೊಟ್ಟೆ ಭಾರಕ್ಕೆ ಹಾರೋಕೇ ಆಗಲ್ಲ, ಮಗಳು ಹೊರಡೋದು, ಅದಕ್ಕೆ ಮುಂಚೆಯೇ ಕೆಲಸದ ಹುಳಗಳು ತವರಿಂದ ಹೊಸ ಮನೆಗೆ ಮೇಣ ಜೇನು ಎಲ್ಲ ಸಾಗಿಸ್ತಾ ಇರ್ತವೆ.

ಈ ವಂಶದ ವಯಸ್ಸಿನ ಬಗ್ಗೆ ಒಂದೇ ಮಾತು, ಅಮೆರಿಕದ ನ್ಯೂಜೆರ್ಸಿಯ ಅಂಬರಿನಲ್ಲಿ (ಕಲ್ಲಿನ ಹಾಗೆ ಗಟ್ಟಿಯಾದ ಹಳೇ ಮರದ ಅಂಟು) ಸಿಕ್ಕ ಮುಳ್ಳಿಲ್ಲದ ಜೇನಿನ ಬಗ್ಗೆ 1988ರಲ್ಲೇ ಬರೆದಿದ್ದಾರೆ, ಅದು ಡೈನೋಸಾರ್ ಕಾಲದ ಕೊನೆ ಹೊತ್ತಿನದ್ದು. ಹೆಸರು ಹುಡುಕೋರಿಗೆ ಇನ್ನೊಂದು, ಹಳೇ ಪುಸ್ತಕದಲ್ಲಿ ಟ್ರೈಗೋನಾ ಇರಿಡಿಪೆನ್ನಿಸ್ ಅಂತಿರೋದನ್ನೇ ಈಗ ಟೆಟ್ರಾಗೋನುಲಾ ಅಂತಾರೆ, ನಮ್ಮಲ್ಲಿ ಮಿಸ್ರಿ, ನಸರಿ ಅಂತಲೂ ಕರೀತಾರೆ.

ಅಂದ ಹಾಗೆ ಲೇಖನದ ಜೊತೆ ಹಾಕಿದ ಫೋಟೋ ಕೋಲು ಜೇನಿಂದು. ಮುಜಂಟಿದೇ ಬೇಕಿದ್ರೆ ನಮ್ಮ ಮನೆ ಮೀಟರ್ ಬೋರ್ಡಿನ ಹಿಂದೆ ಒಂದು ಗೂಡು ಉಂಟು, ತೆಗೆದು ಕಳಿಸ್ತೇನೆ.

ಇತಿ,
ಒಬ್ಬ ಜೇನು ಸಾಕುವವ, ಪುತ್ತೂರು ತಾಲೂಕು