ತಲೆಗಳ ಜೊತೆಗೆ ಮನೆಗಳನ್ನೂ ಎಣಿಸೋಣ

ಮಾನ್ಯ ಸಂಪಾದಕರೇ,

ಪರಿಸರದ ಮೇಲಿನ ಒತ್ತಡದ ಮಾತು ಬಂದಾಗಲೆಲ್ಲ ಚರ್ಚೆ ಜನಸಂಖ್ಯೆಯ ಒಂದೇ ಅಂಕಿಯ ಸುತ್ತ ಗಿರಕಿ ಹೊಡೆಯುತ್ತದೆ. 1804ರ ಸುಮಾರಿಗೆ 100 ಕೋಟಿಯಿದ್ದ ವಿಶ್ವದ ಜನಸಂಖ್ಯೆ 2022ರ ನವೆಂಬರ್‌ನಲ್ಲಿ 800 ಕೋಟಿ ಮುಟ್ಟಿತು ಎಂಬುದು ನಿಜ, ಅದರ ಭಾರವನ್ನು ಹಗುರವಾಗಿ ಕಾಣಲಾಗದು. ಆದರೆ 1960ರ ದಶಕದಲ್ಲಿ ವರ್ಷಕ್ಕೆ ಶೇ 2ನ್ನು ದಾಟಿದ್ದ ಬೆಳವಣಿಗೆಯ ದರ ಈಗ ಶೇ 1ಕ್ಕಿಂತ ಕೆಳಗಿಳಿದಿದೆ. ಹಾಗಿದ್ದೂ ಕಾಡು, ನದಿ, ಗಾಳಿಯ ಮೇಲಿನ ಒತ್ತಡ ಇಳಿಯುತ್ತಿಲ್ಲವೇಕೆ? ತಲಾ ಬಳಕೆ ಏರಿರುವುದು ಒಂದು ಕಾರಣ, ಅದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಕಾರಣವೆಂದರೆ, ಕುಟುಂಬಗಳು ಚಿಕ್ಕವಾದಂತೆ ಮನೆಗಳು ಹೆಚ್ಚುತ್ತಿರುವುದು.

ನಾನು ಬೆಳೆದ ಮನೆಯಲ್ಲಿ ಏಳು ಮಂದಿ ಇದ್ದೆವು. ಇಂದು ಅದೇ ಕುಟುಂಬದ ಎಂಟು ಮಂದಿ ನಾಲ್ಕು ಮನೆಗಳಲ್ಲಿ ಹಂಚಿಹೋಗಿದ್ದೇವೆ. ಹೆಚ್ಚಿದ್ದು ಒಂದು ತಲೆ, ಮೂರು ಮನೆ. ಒಂಟಿಯಾಗಿರುವ ನನ್ನ ಅಕ್ಕನ ಫ್ರಿಜ್ಜಿನ ಬಾಗಿಲು ತೆರೆದರೆ ಒಂದು ಪಾತ್ರೆ ಹಾಲು, ಎರಡು ಡಬ್ಬಿ, ಔಷಧಿಯ ಒಂದು ಬಾಟಲಿ ಕಾಣುತ್ತವೆ. ಉಳಿದ ತಟ್ಟೆಗಳು ಖಾಲಿ. ಆದರೂ ಅದರ ಕಂಪ್ರೆಸರ್ ಹಗಲೂ ರಾತ್ರಿ ಓಡುತ್ತದೆ, ಏಳು ಮಂದಿಯ ಫ್ರಿಜ್ಜಿಗೆ ಬೇಕಾದ ವಿದ್ಯುತ್ತಿನ ಏಳನೇ ಒಂದು ಪಾಲು ಅದಕ್ಕೆ ಸಾಲುವುದಿಲ್ಲ. ಗೋಡೆ, ಛಾವಣಿ, ನೀರಿನ ಟ್ಯಾಂಕ್, ವಾಷಿಂಗ್ ಮೆಷಿನ್, ಮನೆಗೆ ಹೋಗುವ ರಸ್ತೆ ಎಲ್ಲದರ ಲೆಕ್ಕವೂ ಹೀಗೆಯೇ.

ಪರಿಸರ ವಿಜ್ಞಾನಿ ಜಿಯಾಂಗುವೊ ಲಿಯು ಮತ್ತು ಸಂಗಡಿಗರು 2003ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಎತ್ತಿ ತೋರಿಸಿತ್ತು. 1985ರಿಂದ 2000ದವರೆಗಿನ ಅವಧಿಯಲ್ಲಿ, ಅದರಲ್ಲೂ ಜೀವವೈವಿಧ್ಯ ದಟ್ಟವಾಗಿರುವ ದೇಶಗಳಲ್ಲಿ, ಜನರಿಗಿಂತ ವೇಗವಾಗಿ ಮನೆಗಳು ಹೆಚ್ಚಿದ್ದವು. ಜಪಾನಿನ ಉದಾಹರಣೆ ಇನ್ನೂ ಕಣ್ಣಿಗೆ ಹೊಡೆಯುವಂಥದ್ದು. ಅಲ್ಲಿ 2008ರ ನಂತರ ಜನಸಂಖ್ಯೆ ಇಳಿಮುಖವಾಗಿದೆ, ಆದರೆ ಒಬ್ಬೊಬ್ಬರೇ ಇರುವ ಮನೆಗಳು ಹೆಚ್ಚಿದ್ದರಿಂದ 2020ರ ಜನಗಣತಿಯಲ್ಲೂ ಕುಟುಂಬಗಳ ಸಂಖ್ಯೆ ಏರಿತ್ತು. ಮತ್ತೊಂದೆಡೆ, 2023ರ ಸಮೀಕ್ಷೆಯ ಪ್ರಕಾರ ಸುಮಾರು 90 ಲಕ್ಷ ಮನೆಗಳು ಅಲ್ಲಿ ಖಾಲಿ ಬಿದ್ದಿದ್ದವು. ಜನ ಕಡಿಮೆಯಾದರೆ ಭೂಮಿಯ ಹೊರೆ ತಾನಾಗಿ ಇಳಿಯುತ್ತದೆ ಎಂದು ನಂಬಿ ಕೂರುವವರು ಇದನ್ನು ಗಮನಿಸಬೇಕು.

ಮನೆ ಎಂದರೆ ಮೊದಲು ಮರಳು ಮತ್ತು ಸಿಮೆಂಟು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು ಮತ್ತು ಜಲ್ಲಿಯನ್ನು ಬಳಸುತ್ತಿದೆ. ನದಿಪಾತ್ರ ಬಗೆದಲ್ಲಿ ದಡ ಕುಸಿಯುತ್ತದೆ, ಪಕ್ಕದ ಬಾವಿಗಳ ನೀರು ಇಳಿಯುತ್ತದೆ, ಮೀನು ಮೊಟ್ಟೆಯಿಡುವ ಜಾಗ ಇಲ್ಲವಾಗುತ್ತದೆ. ಸಿಮೆಂಟಿನ ಕತೆ ಇನ್ನೊಂದು ಬಗೆಯದು: ಸುಣ್ಣದಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ಎಷ್ಟೇ ಶುದ್ಧ ಇಂಧನ ಬಳಸಿದರೂ ಆ ಭಾಗ ಉಳಿದೇ ಉಳಿಯುತ್ತದೆ. ಮಾನವನಿಂದಾಗುವ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇ 7ರಿಂದ 8ರಷ್ಟು ಈ ಒಂದೇ ಉದ್ಯಮದ್ದು.

ಹಾಗೆಂದು ಒಂಟಿಯಾಗಿ ಬದುಕುವವರತ್ತ ಬೆರಳು ತೋರಿಸುವುದು ಅನ್ಯಾಯ. ಹೆಣ್ಣುಮಕ್ಕಳು ಓದಿ, ದುಡಿದು, ತಮ್ಮ ಕಾಲ ಮೇಲೆ ನಿಲ್ಲುವುದು, ಹಿಂಸೆಯ ದಾಂಪತ್ಯದಿಂದ ಹೊರಬರುವುದು, ಹಿರಿಯರು ದೀರ್ಘಕಾಲ ಬಾಳುವುದು, ಇವೆಲ್ಲ ನಾವು ಬಯಸಿ ಪಡೆದ ಬದಲಾವಣೆಗಳು. ಕೂಡುಕುಟುಂಬಕ್ಕೆ ಮರಳಿ ಎಂದು ಉಪದೇಶಿಸುವವರು, ಆ ಕುಟುಂಬದ ಅಡುಗೆಮನೆಯಲ್ಲಿ ಯಾರ ಬದುಕು ಸವೆಯಿತು ಎಂಬುದನ್ನೂ ನೆನೆಯಲಿ.

ಬದಲಾಗಬೇಕಾದದ್ದು ನಮ್ಮ ಯೋಜನೆಯ ಲೆಕ್ಕಾಚಾರ. ನೀರು, ವಿದ್ಯುತ್, ವಸತಿಯ ಮುಂದಿನ ಬೇಡಿಕೆಯನ್ನು ಅಂದಾಜಿಸುವಾಗ ಎಷ್ಟು ಜನ ಎಂಬುದರ ಜೊತೆಗೆ ಎಷ್ಟು ಮನೆ, ಪ್ರತಿ ಮನೆಯಲ್ಲಿ ಎಷ್ಟು ಮಂದಿ ಎಂಬುದನ್ನೂ ಹಿಡಿಯಬೇಕು. ಹೊಸ ಬಡಾವಣೆಗೆ ಅನುಮತಿ ಕೊಡುವ ಮುನ್ನ ಖಾಲಿ ಇರುವ ಮನೆಗಳನ್ನು ದುರಸ್ತಿ ಮಾಡಿ ಬಳಕೆಗೆ ತರಬಹುದೇ ಎಂದು ನೋಡುವುದು ಕಡ್ಡಾಯವಾಗಬೇಕು. ಒಬ್ಬರು, ಇಬ್ಬರು ಇರಲು ಸಾಕಾಗುವ ಚಿಕ್ಕ ಮನೆಗಳು, ಬಟ್ಟೆ ಒಗೆಯಲು ಮತ್ತು ಅತಿಥಿಗಳು ಉಳಿಯಲು ಎಲ್ಲರಿಗೂ ಸೇರಿದ ಕೋಣೆಗಳು ಇರುವ ಕಟ್ಟಡಗಳಿಗೆ ಸರ್ಕಾರ ಉತ್ತೇಜನ ನೀಡಿದರೆ, ನನ್ನ ಅಕ್ಕನಂಥವರು ತಮ್ಮ ಸ್ವಾತಂತ್ರ್ಯವನ್ನೂ ಉಳಿಸಿಕೊಂಡು, ಖಾಲಿ ಕೋಣೆಗಳ ಹೊರೆಯಿಲ್ಲದೆ ಇರಬಲ್ಲರು.

ಇಂತಿ,
ಓರ್ವ ಓದುಗ