ಆ ಕಲ್ಲಿನ ಫೋಟೋ ನೋಡಿದ ಮೇಲೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಅಮೆರಿಕದ ವರ್ಜೀನಿಯಾದಲ್ಲಿ ಒಂದು ಸಣ್ಣ ಕಲ್ಲು. ಮೇಲೆ ಇಷ್ಟೇ ಬರಹ: ಸ್ಟೋನ್‌ವಾಲ್ ಜಾಕ್ಸನ್‌ನ ಕೈ, ಮೇ 3, 1863. ಗುಲಾಮಗಿರಿಯ ವಿಷಯಕ್ಕೆ ಅಮೆರಿಕದ ಉತ್ತರದ ಮತ್ತು ದಕ್ಷಿಣದ ರಾಜ್ಯಗಳು ತಮ್ಮತಮ್ಮಲ್ಲೇ ಹೊಡೆದಾಡಿದ ಅಂತರ್ಯುದ್ಧದಲ್ಲಿ ಇವನು ದಕ್ಷಿಣದ ಜನರಲ್. ಮನುಷ್ಯನ ಸಮಾಧಿ ಲೆಕ್ಸಿಂಗ್ಟನ್ನಿನಲ್ಲಿದೆ, ಕೈಗೆ ಮಾತ್ರ ಇಲ್ಲೊಂದು ಕಲ್ಲು. "ಇವನು ಬದುಕಿದ್ದಿದ್ರೆ ದಕ್ಷಿಣದವರು ಗೆಲ್ತಿದ್ರಾ ಅಮ್ಮ?" ಅಂತ ಕೇಳಿದ್ದೀಯ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳಿಗೆ ಇದನ್ನು ಫೋನಲ್ಲಿ ಎರಡು ಮಾತಲ್ಲಿ ಮುಗಿಸೋಕೆ ಮನಸ್ಸು ಬರಲಿಲ್ಲ.

ಆ ಮೇ 2ರ ದಿನವನ್ನೇ ನೋಡು. ಚಾನ್ಸಲರ್ಸ್‌ವಿಲ್ ಕಾಡಿನಲ್ಲಿ ದಕ್ಷಿಣದ ಜನರಲ್ ಲೀ ಹತ್ತಿರ ಸುಮಾರು 60,000 ಜನ. ಎದುರಿಗೆ ಉತ್ತರದ ಸೈನ್ಯ ಅದರ ಎರಡರಷ್ಟು. ಅಂಥದ್ದರಲ್ಲಿ ಲೀ ತನ್ನ ಚಿಕ್ಕ ಸೈನ್ಯವನ್ನೇ ಮತ್ತೆ ಒಡೆದ. ಜಾಕ್ಸನ್ ಸುಮಾರು 28,000 ಜನರನ್ನು ಕಟ್ಟಿಕೊಂಡು, ಕಾಡುದಾರಿಯಲ್ಲಿ ಹನ್ನೆರಡು ಮೈಲಿ ಸುತ್ತು ಹಾಕಿ, ಸಂಜೆ ಹೊತ್ತಿಗೆ ಶತ್ರುವಿನ ಬಲಪಕ್ಕಕ್ಕೆ ಬಂದು ಬಿದ್ದ. ಉತ್ತರದವರು ರಾತ್ರಿ ಊಟದ ತಯಾರಿಯಲ್ಲಿದ್ದರು. ಮೊದಲು ಕಾಡಿನಿಂದ ಜಿಂಕೆ, ಮೊಲಗಳು ಓಡಿ ಬಂದವು. ಹಿಂದೆಯೇ ಸೈನಿಕರು.

ರಾತ್ರಿ ಜಾಕ್ಸನ್ ಮುಂದೆ ಹೋಗಿ ದಾರಿ ನೋಡಿಕೊಂಡು ವಾಪಸ್ ಬರುತ್ತಿದ್ದ. ಅವನದೇ ಕಡೆಯ ನಾರ್ತ್ ಕ್ಯಾರೊಲಿನಾದ ಸೈನಿಕರು ಶತ್ರು ಎಂದುಕೊಂಡು ಗುಂಡು ಹಾರಿಸಿದರು. ಮೂರು ಗುಂಡು ತಗುಲಿದವು, ಎಡಗೈ ಕತ್ತರಿಸಬೇಕಾಯಿತು. ಮೇ 10ಕ್ಕೆ ನ್ಯುಮೋನಿಯಾದಿಂದ ಸತ್ತ. ವಯಸ್ಸು 39. ಐದೂವರೆ ತಿಂಗಳ ಮಗಳು ಜೂಲಿಯಾಳನ್ನು ಹಾಸಿಗೆ ಹತ್ತಿರ ತಂದಿದ್ದರು.

"ಅವನು ಎಡಗೈ ಕಳೆದುಕೊಂಡ, ನಾನು ಬಲಗೈಯನ್ನೇ ಕಳೆದುಕೊಂಡೆ" ಅಂದನಂತೆ ಲೀ. ಈ ಮಾತು ನನಗೆ ನಿನ್ನಪ್ಪನ ಅಡುಗೆ ಕಾಂಟ್ರಾಕ್ಟ್ ನೋಡಿ ಅರ್ಥವಾಯಿತು. ದೊಡ್ಡ ಭಟ್ಟರಿದ್ದಾಗ ನಿನ್ನಪ್ಪ ಬಾಗಿಲಲ್ಲಿ ನಿಂತು "ಜನ ಜಾಸ್ತಿ ಕಾಣ್ತಿದೆ" ಅಂದರೆ ಸಾಕು, ಇನ್ನೊಂದು ಪಾತ್ರೆ ಎಸರು ಆಗಲೇ ಒಲೆ ಮೇಲಿರುತ್ತಿತ್ತು. ಅವರು ತೀರಿಕೊಂಡ ಮೇಲೆ ಬಂದವರದೂ ಒಳ್ಳೆಯ ಕೈಗುಣವೇ. ಒಂದು ಮದುವೆಯಲ್ಲಿ ನಿನ್ನಪ್ಪ ಅಭ್ಯಾಸಬಲದಲ್ಲಿ ಅದೇ ಮಾತು ಹೇಳಿ ಬಂದರು. ಹೊಸ ಭಟ್ಟರು "ಹೌದು, ಜಾಸ್ತಿನೇ ಇದ್ದಾರೆ" ಅಂದು ಸುಮ್ಮನಾದರು. ಮೂರನೇ ಪಂಕ್ತಿಗೆ ಅನ್ನ ಸಾಲಲಿಲ್ಲ. ಅವರ ತಪ್ಪೇನಿಲ್ಲ, ಅಲ್ವಾ?

ಲೀ ಕೂಡ ಅರ್ಧ ಹೇಳಿ ಅರ್ಧ ಬಿಡುವ ಮನುಷ್ಯ. ಜಾಕ್ಸನ್ ಉಳಿದರ್ಧವನ್ನು ತಾನೇ ತುಂಬಿಕೊಳ್ಳುತ್ತಿದ್ದ. ಅವನು ಹೋದ ಮೇಲೆ ಲೀ ಎರಡು ಭಾಗವಾಗಿದ್ದ ಸೈನ್ಯವನ್ನು ಮೂರು ಮಾಡಿದ. ಒಂದು ಯೂವೆಲ್ ಎಂಬ ಜನರಲ್‌ಗೆ ಹೋಯಿತು. ಜುಲೈ 1ರಂದು ಗೆಟಿಸ್‌ಬರ್ಗ್ ಕಾಳಗದಲ್ಲಿ, ಉತ್ತರದವರು ಹಿಂದೆ ಸರಿದು ಸೇರಿದ್ದ ಗುಡ್ಡದ ಬಗ್ಗೆ ಲೀ ಯೂವೆಲ್‌ಗೆ ಹೇಳಿ ಕಳಿಸಿದ್ದು: ಸಾಧ್ಯವಾದರೆ ಆ ಗುಡ್ಡ ಹಿಡಿ, ಆದರೆ ಉಳಿದ ಸೈನ್ಯ ಬರುವ ತನಕ ದೊಡ್ಡ ಕಾಳಗ ಬೇಡ. ಯೂವೆಲ್ ದಣಿದ ತನ್ನ ಜನರನ್ನು ನೋಡಿದ, ಸಾಧ್ಯವಿಲ್ಲ ಅಂದುಕೊಂಡ. ಬೆಳಗಾಗುವಷ್ಟರಲ್ಲಿ ಉತ್ತರದವರು ಆ ಗುಡ್ಡದ ಮೇಲೆ ಗಟ್ಟಿಯಾಗಿ ಕೂತಿದ್ದರು.

ಜಾಕ್ಸನ್ ಇದ್ದಿದ್ದರೆ ಹತ್ತಿಬಿಡುತ್ತಿದ್ದ ಅಂತ ಇವತ್ತಿಗೂ ಹೇಳುವವರಿದ್ದಾರೆ. ಇರಬಹುದು. ಆದರೆ 1862ರಲ್ಲಿ ರಿಚ್ಮಂಡ್ ಹತ್ತಿರ ನಡೆದ ಏಳು ದಿನಗಳ ಕಾಳಗದಲ್ಲಿ ಇದೇ ಜಾಕ್ಸನ್ ನಿದ್ದೆಗೆಟ್ಟು, ಬರಬೇಕಾದ ಹೊತ್ತಿಗೆ ಬಂದಿರಲಿಲ್ಲ. ಗುಡ್ಡ ಸಿಕ್ಕಿದ್ದರೂ ಜುಲೈ 4ಕ್ಕೆ ದೂರದ ಮಿಸಿಸಿಪಿ ದಂಡೆಯಲ್ಲಿ ದಕ್ಷಿಣದವರ ವಿಕ್ಸ್‌ಬರ್ಗ್ ಊರು ಉತ್ತರದ ಜನರಲ್ ಗ್ರಾಂಟ್‌ನ ಕೈಗೆ ಬೀಳುವುದನ್ನು ಅವನು ಎಲ್ಲಿ ತಡೆಯುತ್ತಿದ್ದ? ಉತ್ತರದಲ್ಲಿ 2 ಕೋಟಿ 20 ಲಕ್ಷ ಜನ. ದಕ್ಷಿಣದಲ್ಲಿ 90 ಲಕ್ಷ, ಅದರಲ್ಲೂ ಸುಮಾರು 35 ಲಕ್ಷ ಗುಲಾಮರು. ಹಾಗಾಗಿ ಗೆಲ್ಲುತ್ತಿರಲಿಲ್ಲ ಅಂತಲೇ ನನ್ನ ಲೆಕ್ಕ. ಆದರೆ ಯುದ್ಧ ಇನ್ನಷ್ಟು ಎಳೆಯುತ್ತಿತ್ತೇನೋ.

ನನಗೆ ಸಂಕಟವಾಗುವುದು ಅಲ್ಲೇ ಪುಟ್ಟಿ. 1863ರ ಜನವರಿ 1ಕ್ಕೆ ಅಧ್ಯಕ್ಷ ಲಿಂಕನ್ ದಕ್ಷಿಣದ ಗುಲಾಮರ ಬಿಡುಗಡೆ ಘೋಷಿಸಿದ್ದ. ಆದರೆ ಉತ್ತರದ ಸೈನ್ಯ ಕಾಲಿಟ್ಟಲ್ಲಿ ಮಾತ್ರ ಅದಕ್ಕೆ ಜೀವ. ಯುದ್ಧ ಒಂದು ವರ್ಷ ಹೆಚ್ಚು ಎಳೆದರೆ ಆ ಜನಕ್ಕೆ ಒಂದು ವರ್ಷ ಹೆಚ್ಚು ಗುಲಾಮಗಿರಿ. ಜಾಕ್ಸನ್ ಮನೆಯಲ್ಲೂ ಗುಲಾಮರಿದ್ದರು. ಅವನ ಸಾವಿಗೆ ಮರುಗುವಾಗ, ಜೂಲಿಯಾಳನ್ನು ನೆನೆಸಿಕೊಂಡು ನಾನೂ ಮರುಗುತ್ತೇನೆ, ಇದನ್ನು ಮರೆಯೋಕೆ ಆಗಲ್ಲ.

ಸಾಯುವಾಗ ಜಾಕ್ಸನ್ ಅಂದದ್ದು, ನದಿ ದಾಟಿ ಆ ಮರಗಳ ನೆರಳಲ್ಲಿ ದಣಿವಾರಿಸಿಕೊಳ್ಳೋಣ ಅಂತ. ನೀನು ಹೋಗಿದ್ದ ಜಾಗಕ್ಕೆ ಹತ್ತಿರದಲ್ಲೇ ಫ್ರೆಡರಿಕ್ಸ್‌ಬರ್ಗ್ ಇದೆ, ಅಲ್ಲಿ ರಾಪಹ್ಯಾನಕ್ ನದಿ. ಹಿಂದಿನ ವರ್ಷ, 1862ರ ಏಪ್ರಿಲ್ 18ರಂದು, ಜಾನ್ ವಾಷಿಂಗ್ಟನ್ ಎಂಬ 23 ವರ್ಷದ ಗುಲಾಮ ಅದನ್ನು ದಾಟಿ ಉತ್ತರದ ಸೈನಿಕರ ಹತ್ತಿರ ಹೋದ. ಆಮೇಲೆ ಆ ದಿನದ ಕಥೆಯನ್ನು ತನ್ನ ಕೈಯಾರೆ ಬರೆದಿಟ್ಟ. ಮುಂದಿನ ಭಾನುವಾರ ಬಿಡುವಾದರೆ ಅಲ್ಲಿಗೆ ಹೋಗಿ ಬಾ. ನದಿ ಎಷ್ಟು ಅಗಲ ಇದೆ ಅಂತ ನೋಡಬೇಕು ನನಗೆ. ಫೋಟೋ ಕಳಿಸು.

ನಿನ್ನ ಅಮ್ಮ