ವಚನದ ಕೊನೆಯ ಸಾಲು ಎಲ್ಲಿ ಹೋಯಿತು?

ಮಾನ್ಯ ಸಂಪಾದಕರೆ,

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಹಾವೇರಿ ಕಡೆಯ ಯುವಕನೊಬ್ಬ ನಾಲ್ಕು ವರ್ಷಗಳಿಂದ ಬಾಡಿಗೆಗೆ ಇದ್ದಾನೆ. ಈ ಭಾಗದಲ್ಲಿ ತುಂಬಿರುವ ಇತರ ಹುಡುಗರಂತೆ ಅವನೂ ಬೆಳಿಗ್ಗೆ ಕೋಚಿಂಗ್, ಮಧ್ಯಾಹ್ನ ಮೆಸ್ಸಿನ ಊಟ, ರಾತ್ರಿಯವರೆಗೆ ಲೈಬ್ರರಿ ಎಂದು ದಿನ ಕಳೆಯುತ್ತ, ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಬಂದ ಪರೀಕ್ಷೆಗಳನ್ನೆಲ್ಲ ಬರೆಯುತ್ತಿದ್ದಾನೆ. ಕಳೆದ ವಾರ ಅವನ ತಂದೆ ನನಗೇ ಫೋನ್ ಮಾಡಿ, ಊರ ಜಾತ್ರೆಗೆ ಮಗನನ್ನು ಹೇಗಾದರೂ ಕಳಿಸಿಕೊಡಬೇಕೆಂದು ಕೇಳಿಕೊಂಡರು. ನಾನು ಮೇಲೆ ಹೋಗಿ ವಿಷಯ ತಿಳಿಸಿದಾಗ ಹುಡುಗ ತಲೆ ಎತ್ತಲಿಲ್ಲ, ಕೈಯಲ್ಲಿದ್ದ ಹಳೆಯ ಪ್ರಶ್ನೆಪತ್ರಿಕೆಯ ಅಂಚನ್ನು ಸಣ್ಣಗೆ ಮಡಚುತ್ತ, ಬಿಚ್ಚುತ್ತ, "ಜಾತ್ರ್ಯಾಗ ಎಲ್ಲಾರೂ ಏನಾತಪಾ ಅಂತ ಕೇಳ್ತಾರ್ರಿ ಸರ್, ಏನಂತ ಹೇಳ್ಲಿ?" ಎಂದ. ನಾಲ್ಕು ವರ್ಷಗಳಿಂದ ಅವನು ತನ್ನೂರಿನ ತೇರು ನೋಡಿಲ್ಲ.

ಅವನಿಗೆ ಬುದ್ಧಿ ಹೇಳಲು ಬಾಯಿ ತೆರೆದವನು ಸುಮ್ಮನಾದೆ. ನನ್ನ ಮನೆಯ ಗೇಟಿನ ಕಂಬದ ಮೇಲೆ ನನ್ನ ಹೆಸರು ಮತ್ತು ಹುದ್ದೆಯನ್ನು ಕೆತ್ತಿದ ಗ್ರಾನೈಟ್ ಫಲಕವಿದೆ. ಸೇವೆಯಿಂದ ನಿವೃತ್ತನಾದಾಗ ಫಲಕ ಬದಲಿಸಲು ಮನಸ್ಸಾಗದೆ, ಪೇಂಟರನನ್ನು ಕರೆಸಿ ಹುದ್ದೆಯ ಮೇಲಿದ್ದ ಇಕ್ಕಟ್ಟಿನ ಜಾಗದಲ್ಲಿ "ನಿವೃತ್ತ" ಎಂದು ಬಣ್ಣದಲ್ಲಿ ಬರೆಯಿಸಿದೆ. ಕೆತ್ತಿದ ಅಕ್ಷರ ಉಳಿಯುತ್ತದೆ, ಬಣ್ಣದ ಅಕ್ಷರ ಧಾರವಾಡದ ಮಳೆಗೆ ತೊಳೆದುಹೋಗುತ್ತದೆ; ಹೀಗಾಗಿ ಪ್ರತಿ ವರ್ಷ ಶ್ರಾವಣದಿಂದ ದೀಪಾವಳಿಯವರೆಗೆ ನಾನು ಮತ್ತೆ ಸೇವೆಯಲ್ಲಿರುತ್ತೇನೆ. ಇನ್ನೂ ಸಿಗದ ಹುದ್ದೆಗಾಗಿ ಆ ಹುಡುಗ ಊರಿನಿಂದ ಮುಖ ಮರೆಸಿಕೊಂಡಿದ್ದಾನೆ, ಎಂದೋ ಕಳೆದುಹೋದ ಹುದ್ದೆಯ ಹಿಂದೆ ನಾನು ಮುಖ ಮರೆಸಿಕೊಂಡಿದ್ದೇನೆ. ಕಾಯಿಲೆ ಒಂದೇ.

ಈ ಸಂದರ್ಭದಲ್ಲಿ ನನಗೆ ನೆನಪಾದದ್ದು ನಾವೆಲ್ಲ ಬಾಯಿಪಾಠ ಮಾಡಿರುವ ಬಸವಣ್ಣನವರ ವಚನ. "ಇವನಾರವ ಇವನಾರವ ಇವನಾರವನೆಂದೆನಿಸದಿರಯ್ಯ, ಇವ ನಮ್ಮವ ಇವ ನಮ್ಮವ ಇವ ನಮ್ಮವನೆಂದೆನಿಸಯ್ಯ" ಎಂಬಷ್ಟನ್ನು ಭಾಷಣಗಳಲ್ಲಿ ಕೇಳುತ್ತೇವೆ, ಗೋಡೆಗಳ ಮೇಲೆ ಓದುತ್ತೇವೆ, ಅಲ್ಲಿಗೇ ನಿಲ್ಲಿಸುತ್ತೇವೆ. ಆದರೆ ವಚನ ಅಲ್ಲಿಗೆ ನಿಲ್ಲುವುದಿಲ್ಲ. "ಕೂಡಲಸಂಗಮದೇವಾ ನಿಮ್ಮ ಮನೆಯ ಮಗನೆಂದೆನಿಸಯ್ಯ" ಎಂಬಲ್ಲಿ ಮುಗಿಯುತ್ತದೆ. ಹೀಗೆ ಬೇಡಿಕೊಂಡವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದವರು ಎಂಬುದನ್ನು ಗಮನಿಸಬೇಕು. ಆ ಕಾಲಕ್ಕೆ ಅದಕ್ಕಿಂತ ದೊಡ್ಡ ಫಲಕ ಯಾರ ಬಾಗಿಲಲ್ಲಿ ಇದ್ದೀತು? ಅಂಥವರು ದೇವರಲ್ಲಿ ಕೇಳಿದ್ದು ಮನೆಯ ಮಗನೆನಿಸಿಕೊಳ್ಳುವುದನ್ನು. ಮನೆಯ ಮಗನಾಗಲು ಅರ್ಜಿ ಹಾಕಬೇಕಿಲ್ಲ, ಕಟ್‌ಆಫ್ ಅಂಕ ಬೇಕಿಲ್ಲ, ಅರವತ್ತು ತುಂಬಿತೆಂದು ಆ ಸ್ಥಾನದಿಂದ ಯಾರೂ ಬೀಳ್ಕೊಡುವುದಿಲ್ಲ.

ನಮ್ಮ ಹಾವೇರಿ ಸೀಮೆಯೇ ಇದಕ್ಕೆ ಇನ್ನಷ್ಟು ಸಾಕ್ಷಿ ಕೊಡುತ್ತದೆ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ತಿಮ್ಮಪ್ಪ ನಾಯಕರು ನಾಯಕತನವನ್ನು ಬಿಟ್ಟು ಕನಕದಾಸರಾದರು. ನಾಯಕನಾಗಿದ್ದವನು ದಾಸನಾದದ್ದು ಲೋಕದ ಲೆಕ್ಕದಲ್ಲಿ ಹಿಂಬಡ್ತಿ. ಆದರೆ ಇಂದು ಆ ನಾಯಕತನವನ್ನು ನೆನೆಯುವುದೇ ದಾಸತ್ವದ ಕಾರಣಕ್ಕೆ. ಕೀರ್ತನೆಯ ಕೊನೆಯಲ್ಲಿ ಅವರು ತಮ್ಮ ಹೆಸರು ಬರೆಯದೆ ಕಾಗಿನೆಲೆಯ ಆದಿಕೇಶವನ ಹೆಸರು ಬರೆದರು. ನಮ್ಮ ಭಾಷೆಯಲ್ಲಿ ಇದಕ್ಕೆ ಅಂಕಿತವೆಂಬ ಮಾತಿದೆ, ನಾವು ಕಚೇರಿಯ ಕಾಗದಗಳ ಮೇಲೆ ಹಾಕುವ ಸಹಿಗೂ ಅದೇ ಮಾತನ್ನು ಬಳಸುತ್ತೇವೆ. ನಾನು ಸೇವೆಯಲ್ಲಿದ್ದಾಗ ಹಾಕಿದ ಸಹಿಗಳಿಗೆ ಲೆಕ್ಕವಿಲ್ಲ, ಒಂದರಲ್ಲೂ ಇನ್ನೊಬ್ಬರ ಹೆಸರು ಬರೆಯುವ ಯೋಚನೆ ಬಂದಿರಲಿಲ್ಲ. (ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತವಾಗಿಟ್ಟರಲ್ಲ ಎಂದು ಬಲ್ಲವರು ಕೇಳಬಹುದು. ನಿಜ, ಆದರೆ ಅವರು ಹೆಸರಿನ ಜೊತೆಗೆ ಬರೆದದ್ದು ದೋಣಿ ನಡೆಸುವ ಕಾಯಕವನ್ನು, ಬಿರುದನ್ನಲ್ಲ.) ಅದೇ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರು ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದ ಭಟ್ಟರನ್ನು ಗುರುವೆಂದು ಒಪ್ಪಿದರು. ನೀನು ಯಾವ ಕಡೆಯವನೆಂದು ಲೋಕ ಕೇಳಿಯೇ ಕೇಳಿತು. ಅವರು ಶಿಶುನಾಳಧೀಶನ ಹೆಸರಿನಲ್ಲಿ ಹಾಡಿಕೊಂಡು ಹೋದರು, 1889ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಗದ್ದುಗೆಗೆ ಎರಡೂ ಕಡೆಯವರು ನಡೆದುಕೊಳ್ಳುತ್ತ ಬಂದಿದ್ದಾರೆ.

ಇಂಥವರನ್ನೂ ನಾವು ಫಲಕಗಳನ್ನಾಗಿ ಮಾಡಿಕೊಂಡಿದ್ದೇವೆ ಎಂಬುದು ಬೇರೆ ಮಾತು. ಒಬ್ಬೊಬ್ಬ ಶರಣರನ್ನು, ಒಬ್ಬೊಬ್ಬ ದಾಸರನ್ನು ಒಂದೊಂದು ಜಾತಿಗೆ ಹಂಚಿ, ಅವರವರ ಜಯಂತಿಗೆ ಅವರವರ ಜನ ಮಾತ್ರ ಸೇರುವಂತೆ ಮಾಡಿ, ಕಾರಿನ ಹಿಂದಿನ ಗಾಜಿಗೆ ಅವರ ಚಿತ್ರ ಅಂಟಿಸಿಕೊಂಡಿದ್ದೇವೆ. ದೇವರ ಹೆಸರು ಹೇಳಿದ ಮಾತ್ರಕ್ಕೆ ಅಹಂಕಾರ ಕರಗುವುದಿಲ್ಲ, ಕೆಲವೊಮ್ಮೆ ಅದಕ್ಕೆ ಇನ್ನೂ ಗಟ್ಟಿಯಾದ ಕಲ್ಲು ಸಿಗುತ್ತದೆ.

ಹಾಗಾದರೆ ಹುಡುಗರು ಓದು ಬಿಟ್ಟು ಭಜನೆ ಮಾಡಬೇಕೇ ಎಂದು ಕೇಳುವವರಿದ್ದಾರೆ. ಕಾಯಕವನ್ನು ಎತ್ತಿ ಹಿಡಿದ ಪರಂಪರೆಯ ಬಗ್ಗೆ ಈ ಪ್ರಶ್ನೆಯೇ ಏಳಬಾರದು. ಅವನು ಓದಲಿ, ಬರೆಯಲಿ, ಆರನೆಯ ಸಲವೂ ಬರೆಯಲಿ. ಫಲಿತಾಂಶದ ಪಟ್ಟಿಯಲ್ಲಿ ತನ್ನ ಹೆಸರಿಲ್ಲದ ದಿನ ತಾನೇ ಇಲ್ಲವೆಂದು ಅವನಿಗೆ ಅನಿಸಬಾರದು, ನಾನು ಹೇಳುವುದು ಇಷ್ಟೇ. ತಾನು ಮೊದಲು ಯಾರ ಮನೆಯವನು ಎಂಬುದು ಗೊತ್ತಿದ್ದವನು ಸೋತರೂ ಮನೆಗೆ ಹೋಗುತ್ತಾನೆ.

ಆದ್ದರಿಂದ ಊರಿನಲ್ಲಿರುವ ತಂದೆ-ತಾಯಿಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಕಾಕಾ, ಮಾವ, ಕಟ್ಟೆಯ ಮೇಲೆ ಕೂಡುವ ಹಿರಿಯರಲ್ಲಿ ನನ್ನ ವಿನಂತಿ: ಜಾತ್ರೆಗೆ ಬಂದ ಹುಡುಗನನ್ನು ಏನಾಯಿತೆಂದು ಕೇಳಬೇಡಿ, ಊಟವಾಯಿತೇ ಎಂದು ಕೇಳಿ. ಅವನ ಕೈಗೆ ತೇರಿನ ಹಗ್ಗ ಕೊಡಿ. ಅವನ ತಂದೆಗೂ ಫೋನಿನಲ್ಲಿ ಇದನ್ನೇ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಾನs ಬಂದು ಕರ್ಕೊಂಡು ಹೋಗ್ತೀನ್ರಿ" ಎಂದರು.

ಗೇಟಿನ ಫಲಕವನ್ನು ತೆಗೆಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಸದ್ಯಕ್ಕೆ ಈ ಪತ್ರದ ಕೆಳಗೆ ಹುದ್ದೆ ಬರೆಯದೆ ಬಿಟ್ಟಿದ್ದೇನೆ.

ಇಂತಿ,
ತಮ್ಮ ಓದುಗ
ಸಪ್ತಾಪುರ, ಧಾರವಾಡ